ಲಮನಾಯಿಯಲ್ಲಿ ಓಗೊಡದ ಅಕ್ಕ

ಮಾಯನ್ನರ ಹಾಳು ಪಟ್ಟಣಗಳನ್ನು ನೋಡಿ ಬಂದವರು ಅವರ ಪಂಚಾಂಗದ ಬಗ್ಗೆ ಹೇಳುತ್ತಾರೆ, ನರಬಲಿಯ ಬಗ್ಗೆ ಹೇಳುತ್ತಾರೆ, ಗುಡಿಯ ನೆತ್ತಿಯ ಮೇಲೆ ನಿಂತು ಎರಡೂ ಕೈ ಚಾಚಿದ ಫೋಟೋ ತೋರಿಸುತ್ತಾರೆ. ಅಂಥದೊಂದು ಫೋಟೋ ನನ್ನ ಹತ್ತಿರವೂ ಇದೆ. ಅದರಲ್ಲಿ ನಾನು ನಗುತ್ತಿದ್ದೇನೆ. ಅದನ್ನು ತೆಗೆಯುವ ಹೊತ್ತಿಗೆ ನನ್ನ ಅಕ್ಕ ಕಾಡಿನಲ್ಲಿ ಕಾಣೆಯಾಗಿದ್ದಳು. ನನಗೆ ಅದು ಗೊತ್ತಿರಲಿಲ್ಲ.

ನಾನು ಹೊನ್ನಾವರದ ಕೋರ್ಟಿನಲ್ಲಿ ಗುಮಾಸ್ತ. ಸಾಕ್ಷಿ ಹೇಳುವವರು ಮೊದಲಿನದನ್ನು ಕೊನೆಗೆ, ಕೊನೆಯದನ್ನು ಮೊದಲಿಗೆ ಹೇಳಿ ಎಲ್ಲರನ್ನೂ ದಣಿಸುವುದನ್ನು ಬಹಳ ನೋಡಿದ್ದೇನೆ. ಆದ್ದರಿಂದ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ನಾನು ಕಾಣದ ಭಾಗವನ್ನು ಅಕ್ಕ ಆಮೇಲೆ ಹೇಳಿದಂತೆ ಸೇರಿಸಿದ್ದೇನೆ.

ಹಡಗು

ಅಕ್ಕ ದುರ್ಗಮ್ಮನ ಮನೆ ಬೆಳಕೆಯಲ್ಲಿ. ಮೀನು ಮಾರುವುದು ಭಟ್ಕಳದ ಪೇಟೆಯಲ್ಲಿ. ಭಾವ ಜಟ್ಟಪ್ಪ ಒಂದು ಮಳೆಗಾಲದ ಕೊನೆಗೆ ಸಮುದ್ರಕ್ಕೆ ಹೋದವರು ತಿರುಗಿ ಬರಲಿಲ್ಲ. ದೋಣಿಯ ಒಂದು ಹಲಗೆ ಸಿಕ್ಕಿತು, ಅವರು ಸಿಗಲಿಲ್ಲ. ಆಗ ತೊಟ್ಟಿಲಲ್ಲಿದ್ದ ಮಗ ಮಾದೇವ ಈಗ ಪ್ರವಾಸಿಗರನ್ನು ಬಂದರದಿಂದ ಬಂದರಕ್ಕೆ ಸುತ್ತಿಸುವ ಒಂದು ಭಾರಿ ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್. ಕೆಲಸಗಾರರ ಮನೆಯವರು ಆ ಹಡಗಿನಲ್ಲಿ ರಿಯಾಯಿತಿಯ ಮೇಲೆ ಪ್ರಯಾಣ ಮಾಡಬಹುದಂತೆ. ಅಮ್ಮನನ್ನು ಕರೆಸಿಕೊಳ್ಳಬೇಕೆಂದು ಅವನು ವರ್ಷಗಟ್ಟಲೆ ಗೋಗರೆದ. ತಮ್ಮನೂ ಜೊತೆಗೆ ಬರುವುದಾದರೆ ಬರುತ್ತೇನೆ ಎಂದಳು ಅಕ್ಕ. ಇಂಗ್ಲಿಷಿನವರ ಹತ್ತಿರ ಜಗಳ ಆಡುವ ಪ್ರಸಂಗ ಬಂದರೆ ತರ್ಜುಮೆಗೆ ಒಬ್ಬರು ಬೇಕಲ್ಲ.

ಜಗಳ ಮೊದಲ ದಿನವೇ ಬಂತು. ಊಟದ ಸಾಲಿನಲ್ಲಿ ಇಟ್ಟಿದ್ದ ಮೀನಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ, ಮುಳ್ಳೂ ಇರಲಿಲ್ಲ. ಕಿವಿರು ಎತ್ತಿ ನೋಡದೆ ಮೀನು ತಿಂದು ಅಕ್ಕನಿಗೆ ಅಭ್ಯಾಸವಿಲ್ಲ. ತಲೆ ಎಲ್ಲಿ ಎಂದು ಅಡುಗೆಯವನನ್ನು ಕೇಳಲು ನನಗೆ ಹೇಳಿದಳು. ಕೇಳಿದೆ. ಅವನು ಬಹಳ ವಿನಯದಿಂದ, ತಲೆ ಹಡಗಿಗೆ ಬರುವುದೇ ಇಲ್ಲ ಎಂದ. ಅಕ್ಕ ಆ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿ, ಅನ್ನಕ್ಕೆ ಮೊಸರು ಹಾಕಿಕೊಂಡಳು. ಮೇಲಿನ ಅಂತಸ್ತಿನ ಈಜುಕೊಳ ನೋಡಿದ ಮೇಲಂತೂ ಈ ಜನರ ಬುದ್ಧಿಯ ಬಗ್ಗೆ ಅವಳಿಗೆ ಸಂಶಯ ಉಳಿಯಲಿಲ್ಲ. ಸುತ್ತಲೂ ಕಣ್ಣು ಹಾಯುವವರೆಗೆ ನೀರಿರುವಾಗ ಹಡಗಿನ ತಲೆಯ ಮೇಲೆ ಒಂದು ಹೊಂಡ ಮಾಡಿ, ಅದಕ್ಕೂ ನೀರು ತುಂಬಿಸಿ, ಅದರಲ್ಲಿ ಬಿದ್ದುಕೊಂಡಿದ್ದರು.

ಬೆಲೀಜಿನ ಹೊರಗೆ

ಬೆಲೀಜ್ ಎಂಬ ಪುಟ್ಟ ದೇಶದ ಮುಂದೆ ಹಡಗು ಲಂಗರು ಹಾಕಿತು. ದಡ ದೂರದಲ್ಲಿ ಒಂದು ಗೆರೆಯ ಹಾಗೆ ಕಾಣುತ್ತಿತ್ತು. ಅಲ್ಲಿ ಸಮುದ್ರ ಆಳವಿಲ್ಲ, ದೊಡ್ಡ ಹಡಗು ದಕ್ಕೆಗೆ ಹೋಗಲಾರದು, ಸಣ್ಣ ದೋಣಿಗಳಲ್ಲಿ ಜನರನ್ನು ದಡ ಮುಟ್ಟಿಸುತ್ತಾರೆ. ಇಷ್ಟು ದೊಡ್ಡದು ಕಟ್ಟಿ ಕೊನೆಗೆ ನಮ್ಮ ಪಾತಿದೋಣಿಯೇ ಬೇಕಾಯಿತಲ್ಲ ಎಂದು ಅಕ್ಕನಿಗೆ ಸಮಾಧಾನವಾಯಿತು.

ಮಾದೇವನಿಗೆ ಆ ದಿನ ಕೆಲಸವಿತ್ತು. ದೋಣಿ ಹತ್ತಿಸುವಾಗ ನನ್ನನ್ನು ಪಕ್ಕಕ್ಕೆ ಕರೆದ.

"ಮಾವ, ಹಡಗಿನವ್ರ ಬಸ್ಸಲ್ಲೇ ಹೋಗಿ. ಅವ್ರ ಬಸ್ಸು ತಡ ಆದ್ರೆ ಹಡಗು ಕಾಯ್ತದೆ. ಹೊರಗಿನವ್ರ ಸಂಗಡ ಹೋದ್ರೆ ಯಾರಿಗೂ ಕಾಯೂದಿಲ್ಲ, ಸಂಜೆ ಬಿಟ್ಕಂಡು ಹೋಗೂದೇ. ಮತ್ತೆ ಅಮ್ಮನ ಕೈ ಬಿಡಬೇಡಿ."

ಎರಡು ಮಾತು ಹೇಳಿದ್ದ. ಎರಡನ್ನೂ ನಾವು ಮಧ್ಯಾಹ್ನದೊಳಗೆ ಮುರಿದೆವು.

ಮೊದಲನೆಯದನ್ನು ಮುರಿದವಳು ಅಕ್ಕ. ದಡದಲ್ಲಿ ಒಬ್ಬ ಮಧ್ಯವಯಸ್ಸಿನವನು ಲಮನಾಯಿ, ಲಮನಾಯಿ ಎಂದು ಗಿರಾಕಿ ಕರೆಯುತ್ತಿದ್ದ. ಬಣ್ಣ, ಮೂಗು, ನಿಲ್ಲುವ ಠೀವಿ ಎಲ್ಲ ಭಟ್ಕಳ ಬಂದರದಲ್ಲಿ ದಿನಾ ಕಾಣುವಂಥದೇ. ಅಕ್ಕ ಸೀದಾ ಹೋಗಿ ನೀನು ಯಾರ ಮನೆಯವನು ಎಂದು ಕನ್ನಡದಲ್ಲಿ ಕೇಳಿದಳು. ಅವನು ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದ. ಅಕ್ಕ ತಲೆಯಾಡಿಸಿದಳು. ಅವನ ಹೆಸರು ರೂಬೆನ್. ಅವನ ಅಜ್ಜನ ಅಜ್ಜನನ್ನು ಕಬ್ಬಿನ ಗದ್ದೆಯ ಕೆಲಸಕ್ಕೆ ಇಂಡಿಯಾದಿಂದ ತಂದಿದ್ದರಂತೆ. ಇಂಡಿಯಾದ ಯಾವ ಕಡೆ ಎಂದು ಕೇಳಿದೆ. ಹಡಗು ಹತ್ತುವ ಕಡೆ ಎಂದ. ನಾನು ಇದನ್ನು ಅಕ್ಕನಿಗೆ ತರ್ಜುಮೆ ಮಾಡುವುದರೊಳಗೆ ಅವಳು ಅವನ ವ್ಯಾನಿನಲ್ಲಿ ಕಿಟಕಿಯ ಬದಿಗೆ ಕುಳಿತಾಗಿತ್ತು.

ಹೊಸ ಹೊಳೆ

ವ್ಯಾನು ಹೋಗಿ ಹೊಳೆಯ ದಡದಲ್ಲಿ ನಿಂತಿತು. ಮುಂದೆ ರೂಬೆನ್ನನ ದೋಣಿ. ಹೊಳೆಯ ಹೆಸರೇ ಹೊಸ ಹೊಳೆ. ಹಳೆಯದು ಏನಾಯಿತು ಎಂದು ಯಾರಿಗೂ ತಿಳಿಯದು. ದೋಣಿಯಲ್ಲಿ ನಮ್ಮ ಜೊತೆ ನಮ್ಮದೇ ಹಡಗಿನಿಂದ ಬಂದ ಕೆನಡಾದ ಗಂಡ ಹೆಂಡತಿ ಇದ್ದರು. ಗಂಡನ ತಲೆಯ ಮೇಲೆ ಕೊಡೆಯಷ್ಟು ಅಗಲದ ಟೋಪಿ. ಹೆಂಡತಿ ಎಲ್ಲವನ್ನೂ ಕಂಡು ವಂಡರ್‌ಫುಲ್ ಎನ್ನುತ್ತಿದ್ದಳು, ಮೊಸಳೆಯನ್ನೂ ಸೇರಿಸಿ.

ನೀರು ನಮ್ಮ ಶರಾವತಿ ಅಳಿವೆಗೆ ಬರುವ ಮೊದಲು ಇರುವ ಹಾಗೆ, ಹರಿಯುತ್ತಿದೆಯೋ ಇಲ್ಲವೋ ತಿಳಿಯದಷ್ಟು ನಿಧಾನ. ದಡದ ಮೇಲೆ ತೆಂಗಿನಂಥ ಆದರೆ ತೆಂಗಲ್ಲದ ಮರಗಳು. ಒಂದು ಕಡೆ ಉದ್ದ ಗಡ್ಡದ ಬಿಳಿಯ ರೈತರು ಕುದುರೆಗಾಡಿಯಲ್ಲಿ ಹೋಗುತ್ತಿದ್ದರು. ಅವರು ಮೋಟಾರು ವಾಹನ ಮುಟ್ಟುವುದಿಲ್ಲ, ಅದು ಅವರ ಮಡಿ ಎಂದು ರೂಬೆನ್ ಹೇಳಿದ. ಮಡಿಯ ವಿಷಯ ಅಕ್ಕನಿಗೆ ಬೇಗ ಅರ್ಥವಾಯಿತು. ರೂಬೆನ್ ದೋಣಿಯನ್ನು ತಿರುವುಗಳಲ್ಲಿ ಒರಗಿಸಿ ಓಡಿಸುತ್ತಿದ್ದುದು ಮಾತ್ರ ಅವಳಿಗೆ ಹಿಡಿಸಲಿಲ್ಲ. ಹೀಗೆ ಓಡಿಸಿದರೆ ಮೀನಿನ ಬುಟ್ಟಿ ಮಗುಚುತ್ತದೆ ಎಂದು ಹೇಳಲು ನನಗೆ ಹೇಳಿದಳು. ದೋಣಿಯಲ್ಲಿ ಮೀನಿನ ಬುಟ್ಟಿ ಇಲ್ಲವಲ್ಲ ಎಂದೆ. ನಾವಿದ್ದೇವಲ್ಲ ಎಂದಳು.

ಮೊಸಳೆಯ ಊರು

ಲಮನಾಯಿ ಅಂದರೆ ಮುಳುಗಿದ ಮೊಸಳೆ ಅಂತೆ. ಊರಿಗೆ ಊರೇ ಕಾಡು. ನಡುವೆ ಬಯಲು, ಬಯಲಿನಲ್ಲಿ ಗುಡ್ಡದ ಹಾಗೆ ಕಲ್ಲಿನ ಗುಡಿಗಳು. ರೂಬೆನ್ ಮೊದಲು ಕರೆದೊಯ್ದದ್ದು ಮುಖದ ಗುಡಿಗೆ. ಗೋಡೆಯಿಂದ ಎರಡು ಆಳಿನಷ್ಟು ಎತ್ತರದ ಮುಖವೊಂದು ಹೊರಗೆ ಬಂದಿದೆ. ಚಪ್ಪಟೆ ಮೂಗು, ದಪ್ಪ ತುಟಿ, ಬೇಸರದ ಕಣ್ಣು. ಕಚೇರಿಗೆ ಬಂದವರನ್ನು ನಾಳೆ ಬಾ ಎನ್ನುವ ಮೊದಲು ಕೆಲವರು ನೋಡುತ್ತಾರಲ್ಲ, ಹಾಗೆ ನೋಡುತ್ತಿತ್ತು. ಕೆನಡಾದವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಆಮೇಲೆ ರೂಬೆನ್, ಇದು ನಿಜವಾದ ಮುಖವಲ್ಲ, ಅದರ ಮೇಲೆ ಮಳೆ ಬಿಸಿಲು ಬೀಳದಿರಲೆಂದು ಅದೇ ಅಚ್ಚಿನಲ್ಲಿ ಫೈಬರಿನಿಂದ ಮಾಡಿ ಮುಚ್ಚಿದ ಹೊದಿಕೆ, ಅಸಲು ಒಳಗಿದೆ ಎಂದ. ಕೆನಡಾದವನ ಮೋರೆ ಸಣ್ಣದಾಯಿತು. ಇಷ್ಟು ದೂರ ಬಂದು ಪ್ಲಾಸ್ಟಿಕ್ ನೋಡಿದ ಹಾಗಾಯಿತು ಎಂದು ಹೆಂಡತಿಗೆ ಹೇಳಿದ.

ನಾನು ಅಕ್ಕನಿಗೆ ಹೇಳಿದೆ. ಅವಳಿಗೆ ಇದರಲ್ಲಿ ವಿಶೇಷ ಏನೂ ಕಾಣಲಿಲ್ಲ.

"ಮುಖವಾಡ ಹಾಕಿಟ್ಟಿದ್ರು, ಅಷ್ಟೇ ಅಲ್ಲನಾ ತಮಾ? ಧಾರೇಶ್ವರದ ಗುಡಿಯಲ್ಲಾದ್ರೂ ನಿಂಗೆ ಎಂತ ಕಾಣ್ತದೆ, ಕಲ್ಲು ಕಾಣ್ತದ್ಯಾ? ದೇವ್ರಿಗೆ ಅಂಗಿ ಹಾಕ್ದೆ ಯಾರಾದ್ರೂ ನಿಲ್ಸ್ತ್ರಾ?"

ಹಾಗಾಗಿ ಅವಳ ಮಟ್ಟಿಗೆ ಅದು ದೇವಸ್ಥಾನವೆಂದು ತೀರ್ಮಾನವಾಯಿತು. ಇದರ ಪರಿಣಾಮವನ್ನು ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಎತ್ತರದ ಗುಡಿ

ಅಲ್ಲಿ ಎಲ್ಲಕ್ಕಿಂತ ಎತ್ತರದ ಗುಡಿಯೊಂದಿದೆ. ಪಕ್ಕದಿಂದ ಮರದ ಮೆಟ್ಟಿಲು ಕಟ್ಟಿದ್ದಾರೆ. ಅಕ್ಕನ ಮಂಡಿ ಆ ಮೆಟ್ಟಿಲುಗಳಿಗೆ ಒಪ್ಪುವಂಥದಲ್ಲ. ಕೆಳಗೆ ಮರದ ನೆರಳಲ್ಲಿ ಕೂತಿರು, ನಾವು ಹತ್ತಿ ಬರುತ್ತೇವೆ ಎಂದೆ. ಆತು ಎಂದಳು. ಹೀಗೆ ಮಾದೇವ ಹೇಳಿದ ಎರಡನೆಯ ಮಾತನ್ನು ಮುರಿದವನು ನಾನು. ಹತ್ತಿದೆವು. ಮೇಲಿನಿಂದ ಕಾಡು ಸಮುದ್ರದ ಹಾಗೆ ಕಂಡಿತು, ಮರಗಳ ತಲೆ ಅಲೆಯ ಹಾಗೆ. ನಾನು ಕೈ ಚಾಚಿ ನಿಂತೆ. ಕೆನಡಾದ ಹೆಂಗಸು ಫೋಟೋ ತೆಗೆದಳು.

ಇಳಿದು ಬಂದಾಗ ನೆರಳಿನಲ್ಲಿ ಅಕ್ಕ ಇರಲಿಲ್ಲ. ಗುಡಿಯ ಬುಡದಲ್ಲಿ, ಕಲ್ಲಿನ ಮೊದಲ ಮೆಟ್ಟಿಲ ಪಕ್ಕ, ಅವಳ ಚಪ್ಪಲಿಗಳಿದ್ದವು. ಒಂದರ ಪಕ್ಕ ಒಂದು, ಅಚ್ಚುಕಟ್ಟಾಗಿ ಬಿಟ್ಟ ಹಾಗೆ. ಕೆನಡಾದವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನರಬಲಿಯ ವಿಷಯ ಅವಳು ಬೆಳಿಗ್ಗೆಯಷ್ಟೇ ಪುಸ್ತಕದಲ್ಲಿ ಓದಿದ್ದಳು. ನನಗೆ ಚಪ್ಪಲಿ ನೋಡಿದ ಕೂಡಲೇ ಸಂಗತಿ ಗೊತ್ತಾಯಿತು. ದೇವರನ್ನು ನೋಡಿ ಒಂದು ಸುತ್ತು ಬರದೆ ಹೋಗುವುದು ಹೇಗೆ? ಅಕ್ಕ ಪ್ರದಕ್ಷಿಣೆಗೆ ಹೋಗಿದ್ದಳು.

ರೂಬೆನ್ನನಿಗೆ ಹೇಳಿದೆ. ಅವನ ಮುಖದಿಂದ ನಗು ಹೋದದ್ದನ್ನು ನಾನು ನೋಡಿದೆ. ಈ ಗುಡಿಗೆ ಮುಂದೆ ಮಾತ್ರ ಬಯಲು, ಹಿಂದೆ ಕಾಡು, ಅಲ್ಲಿ ದಾರಿ ಇಲ್ಲ, ಹಾವಿದೆ, ಬರಿಗಾಲಿನಲ್ಲಿ ಯಾರೂ ಹೋಗಬಾರದು ಎಂದ. ಆಮೇಲೆ ಗಡಿಯಾರ ನೋಡಿದ. ದೋಣಿ ಈಗ ಹೊರಟರೆ ಮಾತ್ರ ಹಡಗು ಸಿಗುತ್ತದೆ ಎಂದು ಅವನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಹಿಂಬದಿ

ಹಿಂಬದಿಯಲ್ಲಿ ಗುಡಿ ಗುಡಿಯಾಗಿರುವುದಿಲ್ಲ. ಮಣ್ಣು, ಬೇರು, ಪಾಚಿ. ಒಂದು ದೊಡ್ಡ ಮರ ಬಿದ್ದು ಅಡ್ಡ ಮಲಗಿತ್ತು. ಅದನ್ನು ಬಳಸಿ ಹೋದರೆ ಎಲ್ಲ ಕಡೆಯೂ ಒಂದೇ ಹಸಿರು. ನಾವು ನಾಲ್ವರೂ ನಾಲ್ಕು ಕಡೆ ಹರಡಿಕೊಂಡೆವು. ನಾನು ಅಕ್ಕಾ ಎಂದು ಕೂಗಿ ಎಡಕ್ಕೆ ಓಡಿದೆ, ಉತ್ತರವಿಲ್ಲದೆ ಬಲಕ್ಕೆ ಬಂದು ದುರ್ಗಕ್ಕಾ ಎಂದೆ. ರೂಬೆನ್ ಅಮ್ಮ ಎಂಬ ಅರ್ಥದಲ್ಲಿ ಮಾಮಾ ಎನ್ನುತ್ತಿದ್ದ. ಕೆನಡಾದವನು ತನ್ನ ದಪ್ಪ ಸ್ವರದಲ್ಲಿ ಡೂರ್ಗಾ ಎಂದ, ಅವನ ಹೆಂಡತಿ ಇನ್ನೊಂದು ಮೂಲೆಯಿಂದ ತೆಳು ಸ್ವರದಲ್ಲಿ ಅದನ್ನೇ ಎಂದಳು. ಒಂದು ಕಡೆ ಒಮ್ಮೆ ಕೂಗುವುದು, ಕಿವಿಗೊಡುವುದು, ಮುಂದೆ ಓಡುವುದು.

ಅಷ್ಟರಲ್ಲಿ ಮೇಲಿನಿಂದ ಗರ್ಜನೆ ಶುರುವಾಯಿತು. ಸೈಲೆನ್ಸರ್ ಕಿತ್ತುಹೋದ ಬೋಟಿನ ಎಂಜಿನ್ ಮತ್ತು ಹುಲಿ, ಎರಡೂ ಒಂದೇ ಗಂಟಲಿನಲ್ಲಿ ಕೂಡಿದ ಹಾಗೆ. ನನ್ನ ಕಾಲು ನಿಂತಲ್ಲೇ ನಿಂತಿತು. ಮಂಗಗಳು, ಬರೀ ಮಂಗಗಳು ಎಂದು ರೂಬೆನ್ ದೂರದಿಂದ ಕೂಗಿದ. ನೋಡಿದರೆ ಕೊಂಬೆಯ ಮೇಲೆ ಕಪ್ಪಗೆ ಕೂತಿದ್ದವು, ಬೆಕ್ಕಿಗಿಂತ ಸ್ವಲ್ಪ ದೊಡ್ಡ ಜೀವ. ಈ ಗಾತ್ರಕ್ಕೆ ಆ ಸದ್ದು ಯಾರು ಕೊಟ್ಟರೋ. ಅಕ್ಕನಿಗೆ ಅವು ಮಂಗ ಎಂದು ಹೇಳುವವರು ಯಾರೂ ಇರಲಿಲ್ಲ ಎಂಬುದು ಆ ಕ್ಷಣ ನನಗೆ ಹೊಳೆಯಿತು. ಮಾದೇವನಿಗೆ ಯಾವ ವಾಕ್ಯದಿಂದ ಶುರು ಮಾಡಿ ಹೇಳಬೇಕು ಎಂದು ನನ್ನ ತಲೆ ಆಗಲೇ ಹುಡುಕುತ್ತಿತ್ತು. ಅಪ್ಪನ ವಿಷಯವನ್ನೂ ಅವನಿಗೆ ತಿಳುವಳಿಕೆ ಬಂದ ಮೇಲೆ ಹೀಗೇ ಹೇಳಿದ್ದೆವು. ಹುಡುಕಿದೆವು, ಸಿಗಲಿಲ್ಲ ಎಂದು.

ಆಗ ಯಾರೋ ನನ್ನನ್ನು ಕರೆದರು. ನಾರಾಯಣ್ ಎಂದು, ಮರಗಳ ಆಚೆಯಿಂದ, ಒಂದೇ ಸಲ. ಅದು ಕೆನಡಾದವನ ಸ್ವರವಿರಬೇಕು. ಆದರೆ ಕಾಡಿನೊಳಗೆ ಹೊಕ್ಕು ಬಂದ ಸ್ವರಕ್ಕೆ ಯಾರದ್ದೆಂದು ಗುರುತಿರುವುದಿಲ್ಲ. ನಾನು ಓ ಎನ್ನಲು ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ನಾನು ಕಾಯುತ್ತಿದ್ದೆ. ಎರಡನೆಯ ಕರೆಗೆ.

ನಮ್ಮ ಕಡೆ ಚಿಕ್ಕಂದಿನಿಂದ ಹೇಳಿಕೊಟ್ಟದ್ದು ಇದು: ನಿರ್ಜನ ಜಾಗದಲ್ಲೋ ಮುಸ್ಸಂಜೆಯಲ್ಲೋ ಯಾರಾದರೂ ಹೆಸರು ಹಿಡಿದು ಕರೆದರೆ ಒಂದೇ ಕರೆಗೆ ಓಗೊಡಬಾರದು. ಮನುಷ್ಯರಾದರೆ ನಿಂತಲ್ಲೇ ನಿಂತು ಮೂರು ಸಲ ಕರೆಯುತ್ತಾರೆ. ಮನುಷ್ಯರಲ್ಲದ್ದಕ್ಕೆ ಒಂದು ಸಲ ಮಾತ್ರ ಕರೆಯಲು ಬರುತ್ತದೆ. ಕೋರ್ಟಿನಲ್ಲಿ ಕುಳಿತು ಇಂಥ ನಂಬಿಕೆಗಳಿಗೆ ನಗುವವರಲ್ಲಿ ನಾನು ಮೊದಲಿಗ. ಆದರೂ ಮಾಯನ್ನರ ಕಾಡಿನಲ್ಲಿ ನನ್ನ ಬಾಯಿ ಮುಚ್ಚಿಕೊಂಡೇ ಇತ್ತು. ನನ್ನ ಬಾಯಿಯೇ ಹೀಗಾದರೆ ಅಕ್ಕನದು?

ನಾನು ಓಡುವುದನ್ನು ಬಿಟ್ಟೆ. ಬಿದ್ದ ಮರದ ಮೇಲೆ ಹತ್ತಿ, ಅಲುಗಾಡದೆ ನಿಂತು, ಅದೇ ಸ್ವರದಲ್ಲಿ ಅದೇ ಮಾತು ಮೂರು ಸಲ ಕೂಗಿದೆ. ದುರ್ಗಕ್ಕಾ. ದುರ್ಗಕ್ಕಾ. ದುರ್ಗಕ್ಕಾ.

"ಓ" ಎಂದಳು ಅಕ್ಕ.

ಎಷ್ಟು ಹತ್ತಿರದಿಂದ ಎಂದರೆ, ನಾನು ಮರದಿಂದ ಜಾರಿದೆ. ಅಲ್ಲೇ ಪಕ್ಕದಲ್ಲಿದ್ದ ಒಂದು ದಿಬ್ಬದ ಮರೆಯಲ್ಲಿ, ಕಲ್ಲಿಗೆ ಬೆನ್ನು ಕೊಟ್ಟು, ಸೆರಗು ತಲೆಗೆ ಹೊದ್ದು, ಕಾಲು ಮೇಲೆಳೆದುಕೊಂಡು ಕುಳಿತಿದ್ದಳು. ನಾನು ಆ ದಿಬ್ಬದ ಈಚೆ ಬದಿಯಲ್ಲಿ ಎಷ್ಟು ಸಲ ಓಡಾಡಿದ್ದೆನೋ ತಿಳಿಯದು.

ನಡೆದದ್ದು ಇಷ್ಟು. ಗುಡಿಯನ್ನು ಬಲಗೈ ಬದಿಗೆ ಇಟ್ಟುಕೊಂಡು ಅವಳು ಸುತ್ತು ಹೊರಟಿದ್ದಳು. ಬಿದ್ದ ಮರ ಅಡ್ಡ ಬಂದಾಗ ಬಳಸಿ ಹೋದಳು. ಆಮೇಲೆ ಬಲಗೈ ಬದಿಗೆ ಬಂದದ್ದು ಗುಡಿಯಲ್ಲ, ಅದರ ಹಿಂದಿದ್ದ, ಇನ್ನೂ ಯಾರೂ ಅಗೆಯದ ಈ ದಿಬ್ಬ. ಅವಳು ಅದನ್ನೇ ಸುತ್ತತೊಡಗಿದಳು. ಸುತ್ತಿದಳು, ಸುತ್ತಿದಳು, ಮುಂಬಾಗಿಲು ಬರಲೇ ಇಲ್ಲ. ದಿಬ್ಬದ ಒಳಗೆ ಏನಿದೆಯೆಂದು ರೂಬೆನ್ನನಿಗೂ ಗೊತ್ತಿಲ್ಲವಂತೆ. ಯಾವ ದೇವರಿದ್ದರೂ, ಬಹಳ ಕಾಲದ ಮೇಲೆ ಒಬ್ಬ ಭಕ್ತೆ ಬಂದು ಇಷ್ಟೊಂದು ಪ್ರದಕ್ಷಿಣೆ ಹಾಕಿದ್ದಕ್ಕೆ ಕಕ್ಕಾಬಿಕ್ಕಿಯಾಗಿರಬೇಕು.

ಯಾಕೆ ಓಗೊಡಲಿಲ್ಲ ಎಂದು ನಾನು ಕೇಳಿದೆ. ನನ್ನ ಸ್ವರ ನನಗೇ ಗದರಿದ ಹಾಗೆ ಕೇಳಿತು.

"ಮೂಲೆಗೊಂದು ಸ್ವರ, ಒಂದೊಂದೇ ಸಲ ಕರೀತಿತ್ತು. ಗಂಡು ಸ್ವರ, ಹೆಣ್ಣು ಸ್ವರ. ಮೇಲಿಂದ ಹುಲಿ. ನಂಗೆ ಎಂತ ಮರ್ಲಾ, ಓ ಅನ್ನುಕೆ?"

"ನನ್ನ ಸ್ವರವೂ ಗುರ್ತ ಆಗ್ಲಿಲ್ವನೇ?"

"ಆತು. ಅದ್ಕೇ ಜಾಸ್ತಿ ಹೆದ್ರಿಕೆ ಆತು. ಅದು ಯಾವತ್ತೂ ಮನೆಯವ್ರ ಸ್ವರದಲ್ಲೇ ಕರೆಯೂದು, ತಮಾ."

ವಾಪಸು

ರೂಬೆನ್ ದೋಣಿಯನ್ನು ಹೋಗುವಾಗಿನದಕ್ಕಿಂತ ಜೋರಾಗಿ ಓಡಿಸಿದ. ತಿರುವುಗಳಲ್ಲಿ ನೀರು ಮೈಮೇಲೆ ಎರಚಿತು. ಅಕ್ಕ ಮೀನಿನ ಬುಟ್ಟಿಯ ಮಾತೆತ್ತಲಿಲ್ಲ. ಕೆನಡಾದವಳು ತನ್ನ ಶಾಲನ್ನು ಅವಳ ಭುಜಕ್ಕೆ ಹೊದಿಸಿದಳು. ಗಂಡ ತನ್ನ ಟೋಪಿ ಕೊಡಲು ಬಂದ. ಅಕ್ಕ ಅದನ್ನು ಒಮ್ಮೆ ನೋಡಿ, ಬೇಡ ಎಂದು ಕೈಯಾಡಿಸಿದಳು. ಎಷ್ಟೇ ಬಳಲಿದ್ದರೂ ಕೆಲವು ವಿಷಯಗಳಲ್ಲಿ ಅವಳು ರಾಜಿಯಾಗುವುದಿಲ್ಲ.

ಹೊಳೆಯ ನಡುವೆ, ಎಂಜಿನ್ನಿನ ಸದ್ದಿನಲ್ಲಿ, ಅವಳು ನನ್ನ ಕಡೆ ತಿರುಗದೆ ಮಾತಾಡಿದಳು. ನಾನು ಕಿವಿ ಹತ್ತಿರ ತಂದೆ.

"ಸಮುದ್ರಕ್ಕೆ ಹೋದ ವಾರದಲ್ಲಿ ನಿನ್ನ ಭಾವ, ಮುಸ್ಸಂಜೆಗೆ, ಅಂಗಳದ ಆಚೆಯಿಂದ ಕರ್ದಿದ್ರು. ದುರ್ಗೀ ಅಂತ. ಒಂದೇ ಸಲ."

ಅವಳ ಭುಜದಿಂದ ಜಾರಿದ ಶಾಲನ್ನು ನಾನು ಮೇಲೆಳೆದೆ.

"ಅತ್ತೆ ನನ್ನ ಬಾಯಿ ಮುಚ್ಚಿ ಹಿಡ್ಕಂಡ್ರು. ಓ ಅನ್ಬೇಡ, ಇನ್ನೊಂದು ಸಲ ಕರೀಲಿ ಅಂದ್ರು. ನಾ ಕಾದೆ. ಎರಡ್ನೇ ಸಲ ಕರೀಲೇ ಇಲ್ಲ."

ಎದುರಿನ ಜೊಂಡಿನಿಂದ ಬಿಳಿಯ ಕೊಕ್ಕರೆಯೊಂದು ಹಾರಿತು. ಕೆನಡಾದವಳು ಅದನ್ನು ತೋರಿಸಿ ವಂಡರ್‌ಫುಲ್ ಎಂದಳು. ಅಕ್ಕ ಅವಳಿಗೆ ತಲೆಯಾಡಿಸಿದಳು.

"ಸುಸ್ತಾಗಿ ಬಂದ ಮನುಷ್ಯ ಮೂರು ಸಲ ಕರೆಯೂದು ಹೇಗೆ, ತಮಾ? ಸಮುದ್ರ ಈಜಿ ಬಂದವ್ರಿಗೆ ಗಂಟ್ಲು ಎಲ್ಲಿರ್ತದೆ?"

ಆ ವಾರವೆಲ್ಲ ಊರಿನವರು ದಡದಲ್ಲೇ ಹುಡುಕುತ್ತಿದ್ದೆವು, ಭಾವ ದಡ ಸೇರಿದ ಗುರುತು ಎಲ್ಲೂ ಸಿಗಲಿಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಹೌದು. ಆದರೆ ಇಷ್ಟು ವರ್ಷ ಅವಳು ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಿದ ಕೂಡಲೇ ತಮ್ಮನೇ ಎದುರುಸಾಕ್ಷಿ ಹಾಜರು ಮಾಡುವುದು ಬೇಡ ಎನಿಸಿತು. ಅವಳ ಕೈ ಹಿಡಿದುಕೊಂಡೆ. ದೋಣಿ ನಿಲ್ಲುವವರೆಗೆ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

ವ್ಯಾನಿನಿಂದ ಇಳಿದು ದಕ್ಕೆಗೆ ಓಡಿದಾಗ ಹಡಗಿಗೆ ಹೋಗುವ ಕೊನೆಯ ದೋಣಿ ಹಗ್ಗ ಬಿಚ್ಚುತ್ತಿತ್ತು. ರೂಬೆನ್ ಕೂಗಿ ನಿಲ್ಲಿಸಿದ. ಅಕ್ಕ ಅವನ ತಲೆ ಮುಟ್ಟಿ, ಇನ್ನು ಮೇಲೆ ದೋಣಿಯನ್ನು ನಿಧಾನ ಓಡಿಸು ಎಂದು ಕನ್ನಡದಲ್ಲೇ ಬುದ್ಧಿ ಹೇಳಿದಳು. ಅವನು ಯಸ್ ಮಾಮಾ ಎಂದ.

ಹಡಗಿನ ಬದಿಯ ಬಾಗಿಲಿನಲ್ಲಿ ಭದ್ರತೆಯವರ ಹಿಂದೆ ಮಾದೇವ ನಿಂತಿದ್ದ. ಎಂಜಿನ್ ಕೋಣೆಯ ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಅವನು ಅಲ್ಲಿಗೆ ಬರುವ ಹಾಗೇ ಇರಲಿಲ್ಲ. ಬಂದಿದ್ದ. ಕೊನೆಯ ದೋಣಿಯಲ್ಲಿ ನಾವು ಇರುವುದು ಅವನಿಗೆ ಕೂಡಲೇ ಕಾಣಲಿಲ್ಲ, ಕೆನಡಾದವನ ಟೋಪಿ ಅಡ್ಡವಾಗಿತ್ತು. ಅವನ ಮುಖದ ಬಣ್ಣ ಇಳಿದಿತ್ತು. ನೀರಿನ ಮೇಲೆ ಬಗ್ಗಿ ಒಮ್ಮೆ ಕರೆದ.

"ಅಮ್ಮಾ."

ಅಕ್ಕ ಎದ್ದು ನಿಂತಳು. ದೋಣಿ ಒಂದು ಕಡೆ ವಾಲಿತು. ಭಟ್ಕಳದ ಮೀನುಪೇಟೆಯಲ್ಲಿ ಈ ಬದಿಯಿಂದ ಆ ಬದಿಗೆ ಕೇಳಿಸುವ ತನ್ನ ಪೂರ್ತಿ ಸ್ವರ ತೆಗೆದು, ಅವನು ಇನ್ನೊಂದು ಸಲ ಉಸಿರೆಳೆದುಕೊಳ್ಳುವ ಮೊದಲೇ, ಓ ಎಂದಳು.